ಮುಂಡಗೋಡದ ಟಿಬೆಟಿಯನ್ನರು: ಕ್ಯಾಂಪಿನ ಒಳಗಿನ ಬದುಕು

ಅಕ್ಕಿಆಲೂರು, ಹಾನಗಲ್ಲ, ಶಿಗ್ಗಾವಿ ಕಡೆಯವರಿಗೆ ಮುಂಡಗೋಡದ ಟಿಬೆಟಿಯನ್ ಕ್ಯಾಂಪ್ ಎಂದರೆ ರಜೆಯ ದಿನ ಬುದ್ಧನ ಮೂರ್ತಿ ನೋಡಿ, ಮೊಮೊ ತಿಂದು ಬರುವ ಜಾಗ. ಅಲ್ಲಿರುವವರಿಗೆ ಅದು ಮೂರು ತಲೆಮಾರಿನ ಊರು. ಕಾಗದದ ಮೇಲೆ ಮಾತ್ರ ಇವತ್ತಿಗೂ ನಿರಾಶ್ರಿತರ ವಸತಿ.

ಬಂದ ದಾರಿ

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದಾಗ ಹಿಂದೆಯೇ ಸಾವಿರಾರು ಜನ ಬಂದರು. ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. ಮುಂಡಗೋಡದ ಡೋಗುಲಿಂಗ್ ವಸತಿ ಶುರುವಾದದ್ದು 1966ರಲ್ಲಿ, ಸುಮಾರು 4,000 ಎಕರೆಯಲ್ಲಿ. ಚಳಿನಾಡಿನವರು ಇಲ್ಲಿ ಕಾಡು ಕಡಿದು ಗೋವಿನಜೋಳ, ಭತ್ತ ಬೆಳೆಯುವುದನ್ನು ಕಲಿತರು. ಗಂದೆನ್, ದ್ರೆಪುಂಗ್ ಮಠಗಳ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದು, ಜೊತೆಗಾರರನ್ನು ಕ್ಷಯಕ್ಕೆ ಕಳೆದುಕೊಂಡು, 1970ರ ಸುಮಾರಿಗೆ ಇಲ್ಲಿ ನೆಲೆಯೂರಿದರು.

ಊಟ, ಉಡುಗೆ, ದುಡಿಮೆ

ಹಿರಿಯರ ಬೆಳಗು ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾದಿಂದ. ಹುರಿದ ಬಾರ್ಲಿ ಹಿಟ್ಟು ತ್ಸಾಂಪಾವನ್ನು ಅದೇ ಚಹಾದಲ್ಲಿ ಬೆರಳಿನಿಂದ ಕಲಸಿ ಉಂಡೆ ಕಟ್ಟುತ್ತಾರೆ. ಹೊಸ ವರ್ಷದ ಲೋಸಾರ್ ಹಬ್ಬಕ್ಕೆ ಮೈದಾ ಹಿಟ್ಟು ಲಟ್ಟಿಸಿ, ಸೀಳಿ, ತಿರುಚಿ, ಎಣ್ಣೆಯಲ್ಲಿ ಕರಿದ ಖಪ್ಸೆ ಬೇಕೇ ಬೇಕು. ಶಂಕರಪೋಳಿ ತಿಂದು ಬೆಳೆದವರಿಗೆ ಅದು ತೀರಾ ಹೊಸದೆನಿಸದು. ಮದುವೆಯಾದ ಹೆಂಗಸರು ಚುಬಾ ಉಡುಪಿನ ಮೇಲೆ ಅಡ್ಡ ಪಟ್ಟೆಗಳ ಪಾಂಗ್ದೆನ್ ಕಟ್ಟುತ್ತಾರೆ.

ಸುಗ್ಗಿ ಮುಗಿದರೆ ಸ್ವೆಟರ್ ಕಾಲ. ಲೂಧಿಯಾನಾದ ಮಾಲು ತಂದು ಊರೂರಿನಲ್ಲಿ ಮಾರುತ್ತಾರೆ. ನಮ್ಮ ಎಷ್ಟೋ ಮನೆಗಳ ಸ್ವೆಟರ್ ಈ ವ್ಯಾಪಾರದ್ದೇ.

ಮಠಗಳ ಅಂಗಳದಲ್ಲಿ ನಡೆಯುವ ವಾದವನ್ನು ಮಾತ್ರ ತಪ್ಪಿಸಬಾರದು. ಉತ್ತರಿಸುವವನು ಕುಳಿತಿರುತ್ತಾನೆ. ಪ್ರಶ್ನಿಸುವವನು ನಿಂತು, ಎಡಗಾಲು ನೆಲಕ್ಕೆ ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಭಾಷೆ ತಿಳಿಯದಿದ್ದರೂ ಯಾರು ಸಿಕ್ಕಿಬಿದ್ದರೆಂದು ನಗುವಿನಿಂದಲೇ ಗೊತ್ತಾಗುತ್ತದೆ.

ಪ್ಯಾಲೆಸ್ಟೀನಿಯರ ಶಿಬಿರಗಳು

ತಲೆಮಾರುಗಳು ಕಳೆದರೂ ನಿರಾಶ್ರಿತರೆಂದೇ ಉಳಿದವರು ಮುಂಡಗೋಡದವರು ಮಾತ್ರವಲ್ಲ. 1948ರಲ್ಲಿ ಊರು ಕಳೆದುಕೊಂಡ ಪ್ಯಾಲೆಸ್ಟೀನಿಯರ ಶಿಬಿರಗಳು ಗಾಜಾ, ಲೆಬನಾನ್, ಜೋರ್ಡಾನ್‌ಗಳಲ್ಲಿವೆ. ಅಲ್ಲಿ ಬಿಟ್ಟುಬಂದ ಮನೆಯ ಕೀಲಿಕೈಯನ್ನು ಮಕ್ಕಳು ಮೊಮ್ಮಕ್ಕಳವರೆಗೆ ಕಾಪಾಡಿದ ಕುಟುಂಬಗಳಿವೆ. ಹೆಂಗಸರ ನಿಲುವಂಗಿಯ ಕಸೂತಿ ನೋಡಿ ಅವರ ಸೀಮೆ ಯಾವುದೆಂದು ಹೇಳುವ ಕಾಲವಿತ್ತು. ಆ ಕಸೂತಿಯನ್ನು ಯುನೆಸ್ಕೊ 2021ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರ ಬದುಕಿನ ಮೇಲೆ ಯುದ್ಧ ಮತ್ತೆ ಮತ್ತೆ ಎರಗಿದೆ. ಮುಂಡಗೋಡಕ್ಕೆ ಆ ಗತಿ ಬರಲಿಲ್ಲ. ಇಷ್ಟು ದೊಡ್ಡ ವ್ಯತ್ಯಾಸ ಮರೆತು ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ.

ಕಾಗದಪತ್ರ

ಮುಂಡಗೋಡದ ಟಿಬೆಟಿಯನ್ನರ ಹೊಲಗಳು ಸ್ವಂತದ್ದಲ್ಲ, ಸರ್ಕಾರದ ಗುತ್ತಿಗೆ ಜಮೀನು. ನಿರಾಶ್ರಿತರೆಂದೇ ಉಳಿದವರು ನೋಂದಣಿ ಪತ್ರವನ್ನು ಆಗಾಗ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರಿಗೆ ಕಾಯ್ದೆಯಂತೆ ಪೌರತ್ವವಿದೆ, ಆದರೆ ಅದನ್ನು ಕೇಳದೆ ಉಳಿದವರೂ ಇದ್ದಾರೆ. ಓದಿದ ಹುಡುಗ ಹುಡುಗಿಯರು ಬೆಂಗಳೂರಿಗೆ, ಅಮೆರಿಕಾ, ಕೆನಡಾಗಳಿಗೆ ಹೊರಡುತ್ತಿದ್ದಾರೆ. ಕ್ಯಾಂಪಿನಲ್ಲಿ ತಂಗಲು ವಿದೇಶಿಯರಿಗೆ ಮುಂಗಡ ಪರವಾನಗಿ ಬೇಕು, ನಮಗೆ ಬೇಡ.