ಪೋ ಮತ್ತು ಭಾಗೀರತಿ | ಸಾವಿನ ಹಾಡುಗಳು, ಭಾಗ 3

ಫೋಟೋದಲ್ಲಿರೋದು ನಮ್ಮೂರ ನೀರು, ಗೋಪಿನಾಥಂ ಡ್ಯಾಮ್. ಊರ ಹೆಸರು ಕೇಳಿದ ಕೂಡ್ಲೇ ವೀರಪ್ಪನ್ ಬಗ್ಗೆ ಕೇಳ್ಬೇಡಿ, ಇವತ್ತಿನ ಕಥೆ ಬೇರೆ.

ಎಡ್ಗರ್ ಅಲನ್ ಪೋ ಗೊತ್ತಲ್ವಾ? ಗಾಥಿಕ್ ಕಾವ್ಯ ಅಂದ್ರೆ ಮೊದಲು ನೆನಪಾಗೋ ಅಮೆರಿಕದ ಕವಿ. ಸುಂದರ ಹೆಣ್ಣಿನ ಸಾವಿಗಿಂತ ಕಾವ್ಯಮಯ ವಸ್ತು ಇಲ್ಲ ಅಂತ 1846ರಲ್ಲಿ ಒಂದು ಪ್ರಬಂಧ ಬರೆದ. ಆಗ ಅವನ ಹೆಂಡತಿ ವರ್ಜೀನಿಯಾ ಕ್ಷಯದಿಂದ ಮಲಗಿದ್ದಳು. 1847ರ ಜನವರಿಯಲ್ಲಿ ತೀರಿಕೊಂಡಳು, ವಯಸ್ಸು ಬರೀ 24. 1849ರ ಅಕ್ಟೋಬರ್‌ನಲ್ಲಿ ಅವನೂ ಹೋದ. ಅವನು ಸತ್ತ ಮೇಲೆ ಅಚ್ಚಾದ ಕವಿತೆ 'ಆನಬೆಲ್ ಲೀ': ಸಮುದ್ರದ ಪಕ್ಕ ಗೋರಿ, ಗೋರಿ ಪಕ್ಕ ಮಲಗೋ ಪ್ರೇಮಿ. ಓದಿದ್ರೆ ಎದೆ ಭಾರ ಆಗುತ್ತೆ. ಆದ್ರೆ ಆನಬೆಲ್ ಒಂದು ಮಾತೂ ಆಡಲ್ಲ, ಗಮನಿಸಿ.

ಈಗ ನಮ್ಮ 'ಕೆರೆಗೆ ಹಾರ' ನೆನಪು ಮಾಡ್ಕೊಳ್ಳಿ. ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಸೊಸೆಯನ್ನ ಬಲಿ ಕೊಡಿ ಅಂತ ಜೋಯಿಸರು ಹೇಳಿದ್ರು. ಹಿರಿಸೊಸೆ ಮನೆಗೆ ಬೇಕು, ಕಿರಿಸೊಸೆ ಹೋಗ್ಲಿ. ನಾವು ಬಿಕಾಂನವರು ಕಾಸ್ಟಿಂಗ್ ಮಾಡ್ತೀವಲ್ಲ, ಹಾಗೇ! ಗಂಡ ಮಾದೇವರಾಯ ದಂಡಿನಲ್ಲಿದ್ದ, ಅವನನ್ನ ಯಾರೂ ಕೇಳಲಿಲ್ಲ. ಪೂಜೆ ಮುಗಿದ ಮೇಲೆ ಅಲ್ಲೇ ಬಿಟ್ಟುಬಂದ ಪಾತ್ರೆ ತರೋಕೆ ಭಾಗೀರತಿ ಒಬ್ಬಳೇ ವಾಪಸ್ ಹೋದಳು. ಒಂದೊಂದು ಮೆಟ್ಟಿಲಿಗೂ ನೀರು ಏರಿತು. ಕೆಟ್ಟ ಕನಸು ಕಂಡು ಓಡಿ ಬಂದ ಗಂಡ, ವಿಷಯ ತಿಳಿದು ಅದೇ ಕೆರೆಗೆ ಹಾರಿದ.

ಭೂತದಂಥ ಕನಸು, ಏರೋ ನೀರು, ಅಗಲಿಕೆ ತಾಳದ ಪ್ರೇಮಿ: ಗಾಥಿಕ್‌ಗೆ ಇನ್ನೇನು ಬೇಕು? ಆದ್ರೆ ಒಂದು ವ್ಯತ್ಯಾಸ ಇದೆ. ಪೋ ಕವಿತೆಯಲ್ಲಿ ದುಃಖವೆಲ್ಲ ಗಂಡಸಿನದು. ನಮ್ಮ ಹಾಡಲ್ಲಿ ಗಂಡನ ದುಃಖ ಬರೋದು ಕೊನೆಗೆ. ಅದಕ್ಕೂ ಮುಂಚೆ ಭಾಗೀರತಿ ತವರಿಗೆ ಹೋಗ್ತಾಳೆ, ಅಳ್ತಾಳೆ. ಏನಾಯ್ತು ಅಂತ ಕೇಳಿದ ಅಪ್ಪ ಅಮ್ಮನಿಗೆ ಅತ್ತೆ ಮಾವ ಬೇರೆ ಇಡ್ತಾರಂತೆ ಅಂತ ಸುಳ್ಳು ಹೇಳ್ತಾಳೆ. ನಿಜ ಹೇಳೋದು ಗೆಳತಿಗೆ ಮಾತ್ರ. ಆ ಗೆಳತಿ ಏನಂತಾಳೆ ಗೊತ್ತಾ? ಕೊಟ್ರೆ ಕೊಡ್ಲಿ, ಅವರು ಇಟ್ಟ ಹಾಗೆ ಇರು.

ಸ್ಕೂಲಲ್ಲಿ ಇದನ್ನ 'ತ್ಯಾಗ' ಅಂತ ಬರೆದು ಮಾರ್ಕ್ಸ್ ತಗೊಂಡವಳು ನಾನೂನೇ. ಈಗ ಅನ್ಸುತ್ತೆ, ಅವಳು ಗೆಳತಿ ಹತ್ರ ಬಂದಿದ್ದು ಬೇಡ ಅನ್ನೋ ಒಂದು ಮಾತಿಗಾಗಿ.

ನಿಮ್ಮ ಗೆಳತಿ ನಾಳೆ ಹೀಗೆ ಅಳ್ತಾ ಬಂದ್ರೆ ಏನ್ ಹೇಳ್ತೀರಾ? ಕಾಮೆಂಟಲ್ಲಿ ಬೇಡ, ಅವಳಿಗೇ ಹೇಳಿ.