ಕ್ಯಾಟ್ಸ್‌ಕಿಲ್ಲಿನ ಮಾಣಿಗಳು

ಕಾಲೇಜಿಗೆ ಹೋಗುವ ಮಗ ಬೇಸಿಗೆ ರಜೆಯಲ್ಲಿ ಹೋಟೆಲಿನಲ್ಲಿ ತಟ್ಟೆ ಎತ್ತುತ್ತೇನೆಂದರೆ ನಮ್ಮ ಮನೆಗಳಲ್ಲಿ ತಾಯಿಯ ಮುಖ ಸಣ್ಣದಾಗುತ್ತದೆ. ಕಂಡವರ ಎಂಜಲು ಬಳಿಯಲು ಇಷ್ಟು ದೂರ ಬಂದೆವೇ ಎಂಬ ಸಂಕಟ. ಆದರೆ ನ್ಯೂಯಾರ್ಕ್ ನಗರದಿಂದ ಸುಮಾರು 90 ಮೈಲಿ ದೂರದ ಕ್ಯಾಟ್ಸ್‌ಕಿಲ್ ಬೆಟ್ಟಗಳಲ್ಲಿ, ಸರೋವರಗಳ ದಡದ ಹೋಟೆಲುಗಳಲ್ಲಿ, ಯೆಹೂದಿ ವಲಸಿಗರ ಮಕ್ಕಳು ಹಾಗೆ ದುಡಿದೇ ಓದಿದರು.

ಆ ಹೋಟೆಲುಗಳ ಹಿಂದೆ ಒಂದು ಅವಮಾನದ ಕಥೆಯಿದೆ. 1877ರಲ್ಲಿ ಸಾರಟೋಗಾದ ಗ್ರ್ಯಾಂಡ್ ಯೂನಿಯನ್ ಹೋಟೆಲು ಜೋಸೆಫ್ ಸೆಲಿಗ್ಮನ್ ಎಂಬ ಹೆಸರಾಂತ ಬ್ಯಾಂಕರಿಗೆ ಯೆಹೂದಿಯೆಂಬ ಕಾರಣಕ್ಕೆ ಕೋಣೆ ಕೊಡಲಿಲ್ಲ. ಮುಂದೆ ಇನ್ನೂ ಅನೇಕ ಹೋಟೆಲುಗಳು ಹಾಗೇ ಬಾಗಿಲು ಹಾಕಿಕೊಂಡವು. ಸರಿ, ತಮ್ಮದನ್ನು ತಾವೇ ಕಟ್ಟಿಕೊಂಡರು. ಗ್ರಾಸಿಂಗರ್ ಕುಟುಂಬ 1914ರಲ್ಲಿ ಬೇಸಾಯಕ್ಕೆಂದು ಇಲ್ಲಿಗೆ ಬಂದು, ಕಲ್ಲುಭೂಮಿಯಲ್ಲಿ ಬೆಳೆ ಕೈಕೊಟ್ಟಾಗ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳತೊಡಗಿತು. ಆ ಮನೆಯೇ ಬೆಳೆದು, ಸ್ವಂತ ಅಂಚೆಕಚೇರಿ, ವಿಮಾನದ ಓಡುದಾರಿ ಇರುವಷ್ಟು ದೊಡ್ಡ ಹೋಟೆಲಾಯಿತು.

ಬಡಿಸುವುದೇನೂ ಸುಲಭವಿರಲಿಲ್ಲ. ಹಾಲಿನ ಊಟಕ್ಕೆ ಒಂದು ಜೊತೆ ತಟ್ಟೆ-ಚಮಚ, ಮಾಂಸದ ಊಟಕ್ಕೆ ಬೇರೆಯದೇ ಜೊತೆ, ಎರಡೂ ಸೇರುವಂತಿಲ್ಲ. ನಮ್ಮ ಅಜ್ಜಿಯರ ಮಡಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೆ ಮೂರು ಹೊತ್ತು ಬಡಿಸಬೇಕು, ಮಲಗಲು ಇಕ್ಕಟ್ಟಾದ ಕೋಣೆ. ಸಂಬಳ ಅಲ್ಪ, ಅತಿಥಿಗಳು ಹೊರಡುವಾಗ ಕೈಗಿಡುವ ಟಿಪ್ಸೇ ನಿಜವಾದ ದುಡಿಮೆ. ಜುಗ್ಗ ಅತಿಥಿ ಸಿಕ್ಕರೆ ವಾರವೆಲ್ಲ ಓಡಾಡಿದ್ದು ದಂಡ. ಸೆಪ್ಟೆಂಬರಿನ ಲೇಬರ್ ಡೇ ಹೊತ್ತಿಗೆ ಕೂಡಿದ ಹಣ ಕಾಲೇಜಿನ ಶುಲ್ಕಕ್ಕೆ ಹೋಗುತ್ತಿತ್ತು. ಹೀಗೆ ಓದಿ ಡಾಕ್ಟರು, ವಕೀಲರಾದವರು ಅನೇಕರು.

ಯೆಹೂದಿಯಲ್ಲದವರೂ ಇದ್ದರು. 1954ರ ಬೇಸಿಗೆಯಲ್ಲಿ ಕಚರ್ಸ್ ಹೋಟೆಲಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ ಹೈಸ್ಕೂಲು ಹುಡುಗ ವಿಲ್ಟ್ ಚೇಂಬರ್ಲೇನ್, ಮುಂದೆ ಬ್ಯಾಸ್ಕೆಟ್‌ಬಾಲಿನ ದಂತಕಥೆಯಾದವನು. ಸುಮಾರು ಏಳು ಅಡಿ ಎತ್ತರದ ಈ ಹುಡುಗ ಮೆಟ್ಟಿಲು ಹತ್ತದೆ ನೆಲದಲ್ಲೇ ನಿಂತು ಮೇಲ್ಮಹಡಿಯ ಕಿಟಕಿಗೆ ಪೆಟ್ಟಿಗೆ ದಾಟಿಸುತ್ತಿದ್ದನಂತೆ!

ಇದೆಲ್ಲ ನಮಗೇನು ಹೊಸತೇ? ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ತುಳುನಾಡಿನ ಹುಡುಗರು ಎಷ್ಟು ಮಂದಿ! ಅವರನ್ನು ಹೊಗಳುವ ನಾಲಿಗೆ ನಮ್ಮ ಮಗನ ವಿಷಯ ಬಂದಾಗ ಮಾತ್ರ ತಡವರಿಸುತ್ತದೆ.

ವಿಮಾನಯಾನ ಅಗ್ಗವಾಗಿ, ಬೇರೆ ಹೋಟೆಲುಗಳ ಬಾಗಿಲೂ ತೆರೆದ ಮೇಲೆ ಕ್ಯಾಟ್ಸ್‌ಕಿಲ್ಲಿಗೆ ಬರುವವರು ಕಡಿಮೆಯಾದರು. ಗ್ರಾಸಿಂಗರ್ಸ್ 1986ರಲ್ಲಿ ಮುಚ್ಚಿತು. ಕಚರ್ಸ್ ಕಟ್ಟಡವನ್ನು 2014ರಲ್ಲಿ ಕೆಡವಿದರು. 2018ರಲ್ಲಿ ಅದೇ ಜಾಗದಲ್ಲಿ ಯೋಗ, ಆಯುರ್ವೇದಗಳ ಆರೋಗ್ಯಧಾಮವೊಂದು ತೆರೆಯಿತು. ಅದನ್ನು ಕಟ್ಟಿಸಿದ್ದು ಭಾರತದ ಬಂಡವಾಳ.