ಲ್ಯಾಟಿನ್ನಿನಿಂದ ಮರಳಿದ ಗಿಡಗಳು

ತ್ರಿಪ್ಪುಣಿತ್ತುರದ ಹಿಲ್ ಪ್ಯಾಲೇಸ್ 1865ರದು. ಅದನ್ನು ಕಟ್ಟಿಸಿದ ಕೊಚ್ಚಿ ರಾಜಮನೆತನದ ಹಿಂದಿನ ಅರಸರು, ಅದಕ್ಕೂ ಸುಮಾರು ಇನ್ನೂರು ವರ್ಷ ಮೊದಲು, ಒಂದು ದೊಡ್ಡ ಪುಸ್ತಕದ ಕೆಲಸಕ್ಕೆ ನೆರವಾಗಿದ್ದರು. ಮಲಬಾರಿನ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಾಡಿಸಿದ ಆ ಪುಸ್ತಕದ ಹೆಸರು ‘ಹಾರ್ಟಸ್ ಮಲಬಾರಿಕಸ್’.

ಚೇರ್ತಲ ಕಡೆಯ ಈಳವ ವೈದ್ಯ ಇಟ್ಟಿ ಅಚ್ಯುತನ್ ಗಿಡಗಳ ಗುಣ, ಮದ್ದು ಹೇಳಿದರು. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರೂ ಜೊತೆಗಿದ್ದರು. 1675ರಲ್ಲಿ ಅವರು ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಕೊಂಕಣಿ ಹೇಳಿಕೆ ಪುಸ್ತಕದಲ್ಲೇ ಅಚ್ಚಾಗಿದೆ. ಅಚ್ಯುತನ್ ಮಲಯಾಳದಲ್ಲಿ ಹೇಳಿದ್ದು ದುಭಾಷಿಯ ಮೂಲಕ ಪೋರ್ಚುಗೀಸಿಗೆ, ಅಲ್ಲಿಂದ ಲ್ಯಾಟಿನ್ನಿಗೆ ಹೋಯಿತು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳು ಹೊರಬಂದವು. ಒಟ್ಟು 742 ಗಿಡಗಳ ವಿವರ ಅವುಗಳಲ್ಲಿವೆ. ನಮ್ಮ ರಂಜದ ಮರಕ್ಕೆ ಲಿನೇಯಸ್ ಕೊಟ್ಟ ‘ಮಿಮುಸೊಪ್ಸ್ ಎಲೆಂಗಿ’ ಎಂಬ ಹೆಸರಿನಲ್ಲಿರುವುದು ಈ ಪುಸ್ತಕದಿಂದ ಬಂದ ಮಲಯಾಳದ ‘ಇಲಞ್ಞಿ’. ಯುರೋಪಿನ ವಿದ್ವಾಂಸರಿಗೆ ಹೀಗೆ ಒದಗಿದ ಪುಸ್ತಕವನ್ನು ಅಚ್ಯುತನ್ ಅವರ ಊರಿನವರು ಓದುವಂತಿರಲಿಲ್ಲ.

ಓದುವ ಹಾಗೆ ಮಾಡಿದವರು ಎರ್ನಾಕುಲಂ ಜಿಲ್ಲೆಯ ಪರವೂರಿನ ಕೆ.ಎಸ್. ಮಣಿಲಾಲ್ (1938–2025). ಅವರು ಕಲ್ಲಿಕೋಟೆ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಸಸ್ಯಶಾಸ್ತ್ರಜ್ಞರಿಗೆ ಲ್ಯಾಟಿನ್ ತೀರ ಹೊಸದಲ್ಲ. 1935ರಿಂದ 2011ರ ಕೊನೆಯವರೆಗೆ ಹೊಸ ಸಸ್ಯವೊಂದನ್ನು ಹೆಸರಿಸಬೇಕಾದರೆ ಲ್ಯಾಟಿನ್ ವಿವರಣೆ ಕಡ್ಡಾಯವಾಗಿತ್ತು. ಆದರೆ ಅದು ಎಲೆ, ತೊಟ್ಟು, ದಳಗಳ ಸಿದ್ಧ ಪದಗಳಲ್ಲಿ ಮುಗಿಯುವ ಕೆಲವೇ ಸಾಲುಗಳ ಭಾಷೆ. ಆ ಪದಗಳಿಗೆ ಖಚಿತ ಅರ್ಥ ಕಟ್ಟಿಕೊಟ್ಟವರಲ್ಲಿ ಪ್ರಮುಖ ಲಿನೇಯಸ್. ‘ಹಾರ್ಟಸ್’ ಅವನಿಗಿಂತ ಹಳೆಯದು. ಅದರ ವಾಕ್ಯಗಳು ಉದ್ದ. ಅವುಗಳಲ್ಲಿ ರುಚಿ, ವಾಸನೆ, ಕಾಯಿಲೆ, ಕಷಾಯಗಳ ಮಾತು ಬರುತ್ತದೆ.

ಮಣಿಲಾಲ್ ಈ ಪುಸ್ತಕಕ್ಕಾಗಿ ಲ್ಯಾಟಿನ್ ಕಲಿತರು. ಮುಂದಿನ ಹಂತದಲ್ಲಿ ವ್ಯಾಕರಣ ಮತ್ತು ನಿಘಂಟು ಎರಡೂ ಸಾಲುವುದಿಲ್ಲ. ಒಂದು ವಾಕ್ಯ ವ್ಯಾಕರಣದ ಪ್ರಕಾರ ಎರಡು ರೀತಿಯಲ್ಲಿ ಅರ್ಥವಾದಾಗ, ಯಾವುದು ಸರಿ ಎಂದು ಹೇಳಬಲ್ಲದ್ದು ಗಿಡವೇ. ಅವರು ವಿದ್ಯಾರ್ಥಿಗಳೊಂದಿಗೆ ಹಳೆಯ ಚಿತ್ರಗಳಲ್ಲಿದ್ದ ಬಹುತೇಕ ಗಿಡಗಳನ್ನು ಹುಡುಕಿ ಗುರುತಿಸಿದರು. ಅಕ್ಷರ ಬದಲಾಗಿ ಅಚ್ಚಾಗಿದ್ದ ಮಲಯಾಳ ಹೆಸರುಗಳನ್ನು ಇಂದಿನ ಹೆಸರುಗಳೊಂದಿಗೆ ಹೊಂದಿಸಿದರು. ಪಠ್ಯ ಗಿಡದ ಗುರುತು ಹೇಳಿತು, ಗಿಡ ಪಠ್ಯದ ಅರ್ಥ ಬಿಡಿಸಿತು. ಲ್ಯಾಟಿನ್ ಬಲ್ಲ ಆದರೆ ಗಿಡ ಕಾಣದ ಪಂಡಿತರಿಗೂ, ಗಿಡ ಬಲ್ಲ ಆದರೆ ಲ್ಯಾಟಿನ್ ಬಾರದ ವೈದ್ಯರಿಗೂ ಈ ಕೆಲಸ ಒಬ್ಬೊಬ್ಬರಿಂದಲೇ ಆಗುವಂಥದ್ದಾಗಿರಲಿಲ್ಲ.

ಇದಕ್ಕೆ ಮೂರು ದಶಕಗಳಿಗೂ ಹೆಚ್ಚು ಸಮಯ ಹಿಡಿಯಿತು. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಟಿಪ್ಪಣಿ ಸಹಿತ ಇಂಗ್ಲಿಷ್ ಅನುವಾದವನ್ನೂ 2008ರಲ್ಲಿ ಮಲಯಾಳ ಅನುವಾದವನ್ನೂ ಪ್ರಕಟಿಸಿತು. 2020ರಲ್ಲಿ ಮಣಿಲಾಲ್ ಅವರಿಗೆ ಪದ್ಮಶ್ರೀ ಬಂತು. ಮೊದಲ ಸಂಪುಟದಿಂದ ಮಲಯಾಳ ಅನುವಾದಕ್ಕೆ ಎಣಿಸಿದರೆ 330 ವರ್ಷ. ಇಟ್ಟಿ ಅಚ್ಯುತನ್ ಹೇಳಿದ್ದು ಅವರದೇ ಭಾಷೆಗೆ ಮರಳಲು ಅಷ್ಟು ಕಾಲ ಬೇಕಾಯಿತು.